ಮೊದಲು ಲೈನೋ, ಮೊದಲು ಘಟಕವೋ

ತಿರುವನಂತಪುರದ ತಂಪಾನೂರಿನಲ್ಲಿ ಬೆಳಗಿನ ರೈಲು ಹತ್ತಿ ಕೊಚ್ಚಿಗೆ ಹೋಗುವುದು, ಅಲ್ಲಿ ಒಬ್ಬರ ಮಾತು ಕೇಳಿ ಬಂದು ಇಲ್ಲಿ ಇನ್ನೊಬ್ಬರಿಗೆ ಒಪ್ಪಿಸುವುದು. ಎರಡು ವರ್ಷ ನನ್ನ ಉದ್ಯೋಗ ಇಷ್ಟೇ ಆಗಿತ್ತು. ಹೆಸರಿಗೆ ನಾನು ವಿದ್ಯುತ್ ಯೋಜನೆಯ ಎಂಜಿನಿಯರು. ಮುಂದೆ ಎಲ್ಲೆಲ್ಲಿ ಲೈನು, ಸಬ್‌ಸ್ಟೇಷನ್ ಬೇಕಾಗುತ್ತದೆಂದು ಈಗಲೇ ಹೇಳಬೇಕಾದವನು.

ಕೊಚ್ಚಿಯ ಹೊರವಲಯದಲ್ಲಿ ಒಂದು ಖಾಸಗಿ ಕಂಪನಿ ವಿದ್ಯುತ್ ಉತ್ಪಾದನಾ ಘಟಕ ಕಟ್ಟುವ ಮಾತಾಡುತ್ತಿತ್ತು. ಅದರ ಮ್ಯಾನೇಜರು ಚಹಾ ಕೊಟ್ಟು, "ಮೊದಲು ಲೈನ್ ಬರಲಿ ಸಾರೇ, ಮಾರುಕಟ್ಟೆ ದರ ನೋಡಿಕೊಂಡು ಕಟ್ಟುತ್ತೇವೆ" ಎನ್ನುತ್ತಿದ್ದರು. ತಿರುವನಂತಪುರದಲ್ಲಿ ನಮ್ಮ ಮೇಲಧಿಕಾರಿ, "ಮೊದಲು ಅವರು ಕಟ್ಟಲಿ, ಆಮೇಲೆ ಲೈನ್" ಎನ್ನುತ್ತಿದ್ದರು. ಉಳ್ಳೂರಿನ ಮನೆಗೆ ಬಂದು ನಾನು ಕೂಗಾಡಿದರೆ ಹೆಂಡತಿ ನಗುತ್ತಿದ್ದಳು. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಮಧ್ಯೆ ನೀವ್ಯಾಕ್ರೀ ದಲ್ಲಾಳಿ ಥರ ಓಡಾಡ್ತೀರಾ?"

ನನಗೆ ಆಗ ಬೇಕಿದ್ದದ್ದು ಲೈನೂ ಅಲ್ಲ, ಘಟಕವೂ ಅಲ್ಲ, ಒಂದು ಜಾಗ. ಘಟಕ ಬರಲಿ, ಬಿಡಲಿ, ಊರು ಬೆಳೆಯುವುದಂತೂ ನಿಲ್ಲುವುದಿಲ್ಲ. ಆ ಭಾಗಕ್ಕೊಂದು ಸಬ್‌ಸ್ಟೇಷನ್ ಬೇಕೇ ಬೇಕು. ತಂತಿ ನಿಧಾನವಾಗಿ ಎಳೆಯಬಹುದು, ನೆಲ ಮಾತ್ರ ಕಾಯುವುದಿಲ್ಲ. ತಕ್ಕ ಜಾಗ ಅಂತ ಅಲ್ಲಿ ಉಳಿದಿದ್ದು ಒಂದೇ, ನಿವೃತ್ತ ಟೀಚರೊಬ್ಬರದು. ಕೊಳ್ಳಲು ಬಂದ ಬಿಲ್ಡರನಿಗೆ ಈಗ ಬೇಡವೆಂದು ಹೇಳಿ ಅವರು ನಮಗಾಗಿ ಕಾದಿದ್ದರು.

ಫೈಲಿನಲ್ಲಿ ನಾನು ಮೂರು ಬಗೆಯ ಭವಿಷ್ಯ ಬರೆದು, ಮೂರರಲ್ಲೂ ಆ ಜಾಗ ಬೇಕಾಗುತ್ತದೆಂದು ತೋರಿಸಿದ್ದೆ. ಪ್ರತಿ ಸಲವೂ ಅದು ಮೇಲಧಿಕಾರಿಯ ಒಂದೇ ಪ್ರಶ್ನೆ ಹೊತ್ತು ವಾಪಸ್ ಬರುತ್ತಿತ್ತು: "ಮೂರರಲ್ಲಿ ಯಾವುದು ಆಗುತ್ತದೆ, ಖಚಿತವಾಗಿ ತಿಳಿಸಿ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಗೊತ್ತಿದ್ದರೆ ಈ ನೌಕರಿ ಯಾಕೆ, ಕವಡೆ ಹಾಕಿಕೊಂಡು ಜ್ಯೋತಿಷ್ಯ ಹೇಳುತ್ತಿದ್ದೆ!

ಕೊನೆಯ ಸಲ ಹೋದಾಗ ಟೀಚರು ಒಳಗೆ ಕರೆಯಲಿಲ್ಲ. ಗೇಟಿನ ಬಳಿಯೇ ನಿಂತು, ಮಗನನ್ನು ಕರೆಯುವಂತೆ, "ಮೋನೇ, ಎರಡು ಓಣಂ ಕಾದೆ. ಇನ್ನೆಷ್ಟು?" ಎಂದರು. ಇನ್ನಾರು ತಿಂಗಳು ಎಂದು ಮತ್ತೆ ಹೇಳಲು ನಾಚಿಕೆಯಾಯಿತು.

"ಮಾರಿಬಿಡಿ ಟೀಚರೇ" ಎಂದು ನಾನೇ ಹೇಳಿದೆ.

ಈಗ ಅಲ್ಲಿ ಹದಿನಾರು ಮಹಡಿ ಎದ್ದಿದೆ. ಹೋದ ವಾರ ಬಿಲ್ಡರನ ಅರ್ಜಿ ನಮ್ಮ ಕಚೇರಿಗೆ ಬಂತು, ಅಷ್ಟೂ ಫ್ಲಾಟುಗಳಿಗೆ ವಿದ್ಯುತ್ ಬೇಕಂತೆ. ಮೇಲಧಿಕಾರಿ ಅದನ್ನು ನನ್ನ ಮೇಜಿಗೇ ಕಳಿಸಿದ್ದಾರೆ. ಅಂಚಿನಲ್ಲಿ ಅವರದೇ ಅಕ್ಷರ: "ತುರ್ತು. ಸಬ್‌ಸ್ಟೇಷನ್‌ಗೆ ಹತ್ತಿರದಲ್ಲೇ ಜಾಗ ಹುಡುಕಿ."