ಹೆಬ್ಬಾಗಿಲ ಕಾವಲುಗಾರನ ಕೋಟು

ಆ ಊರನ್ನು ಯಾರೇ ಗೆದ್ದರೂ ಮೊದಲು ಕೆಲಸ ಬೀಳುತ್ತಿದ್ದುದು ಬಟ್ಟೆ ಹೊಲಿಯುವ ಗುಂಡಿಯಮ್ಮನಿಗೆ. ಕೋಟೆಯ ಮೇಲೆ ಬಾವುಟ ಬದಲಾದ ಕೂಡಲೇ ಹೆಬ್ಬಾಗಿಲ ಕಾವಲುಗಾರರ ಕೋಟುಗಳು ಗಂಟು ಕಟ್ಟಿಕೊಂಡು ಅವಳ ಮನೆಗೆ ಬರುತ್ತಿದ್ದವು. ಗೆದ್ದವರ ಜಂಬ ಮುಗಿಲು ಮುಟ್ಟಿದ್ದರೂ ಬೊಕ್ಕಸ ಮಾತ್ರ ಯಾವಾಗಲೂ ಖಾಲಿ. ಹೊಸ ಬಟ್ಟೆ ಎಲ್ಲಿಂದ ಬರಬೇಕು? ಹಳೆಯ ಕೋಟನ್ನೇ ಬಿಚ್ಚಿ, ಕಡುಬಣ್ಣದಲ್ಲಿ ಅದ್ದಿ, ಒಳಮೈ ಹೊರಗೆ ಮಾಡಿ ಹೊಲಿದು ಹೊಸ ಗುಂಡಿ ಹಾಕುವುದು. ಅರಸನ ಕಾಲದಲ್ಲಿ ಕೆಂಪಗಿದ್ದ ಕೋಟು ಅವನನ್ನು ಓಡಿಸಿದ ಸೇನಾಪತಿಯ ಕಾಲಕ್ಕೆ ಕಂದು ಬಣ್ಣವಾಯಿತು. ಸಮುದ್ರ ದಾಟಿ ಬಂದ ವ್ಯಾಪಾರಿಗಳು ಊರನ್ನೇ ಕೊಂಡವರಂತೆ ಝಾಂಡಾ ಊರಿದಾಗ ಕಪ್ಪಾಯಿತು. ಸಿಂಹದ ಗುಂಡಿ ಹೋಗಿ ಕತ್ತಿಯದು, ಕತ್ತಿ ಹೋಗಿ ಹಡಗಿನದು.

"ರಾಜ್ಯ ಯಾರದ್ದಾದ್ರೂ ಇರ್ಲಿ, ಕಾಜಾ ನಂದೇ," ಎಂದು ಅವಳು ಗುಂಡಿಯ ತೂತಿಗೆ ಹೊಲಿಗೆ ಹಾಕುತ್ತಾ ನಗುತ್ತಿದ್ದಳು.

ಆ ಕೋಟುಗಳಲ್ಲಿ ಒಂದು ಅವಳ ಗಂಡನದು. ಈ ಮೂವರ ಕಾಲದಲ್ಲೂ ಹೆಬ್ಬಾಗಿಲು ಕಾದ ಮನುಷ್ಯ. ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಊರಿನವರದೇ ಸರ್ಕಾರ ಬಂದ ದಿನ ಬಾಗಿಲನ್ನು ಹಾರುಹೊಡೆದು, "ಇನ್ಮೇಲೆ ನಮ್ದೇ ಕಣೇ!" ಎಂದು ಮಕ್ಕಳಂತೆ ಕುಣಿದಿದ್ದ. ಆ ಚಳಿಗಾಲ ಕಳೆಯುವುದರೊಳಗೆ ಜ್ವರ ಬಂದು ತೀರಿಕೊಂಡ.

ಕೋಟು ಸರ್ಕಾರದ್ದಲ್ಲವೇ, ಹೊಸ ಕಾವಲುಗಾರನಿಗೆ ಬೇಕೆಂದು ಗುಮಾಸ್ತ ಬಂದ. ಪಾಪ, ಒಳ್ಳೆಯವನೇ. "ನಿಮಗೆ ಕಷ್ಟ ಆದ್ರೆ ಬೇರೆ ದರ್ಜಿ ಹತ್ರ ಹೊಲಿಸ್ತೀವಿ, ಅಮ್ಮಾ," ಎಂದ.

ಗಂಡನದೆಂದು ಅವಳಿಗೆ ಉಳಿದಿದ್ದುದು ಅದೊಂದೇ. ಕೊಟ್ಟುಬಿಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಹಕ್ಕಿಲ್ಲ. "ಬೇರೆಯವರ ಕತ್ತರಿ ಅದಕ್ಕೆ ತಾಗೋದು ಬೇಡ. ನಾನೇ ಹೊಲೀತೀನಿ," ಎಂದಳು.

ಒಂದೊಂದೇ ಹೊಲಿಗೆಯನ್ನು ಮೆಲ್ಲಗೆ ಬಿಚ್ಚಿದಳು. ಕಪ್ಪು ಮಾಸಿದ್ದ ಬಟ್ಟೆಯನ್ನು ಮತ್ತೆ ಬಣ್ಣಕ್ಕೆ ಅದ್ದಿದಾಗ ಅವನ ಮೈವಾಸನೆಯೂ ಹೋಯಿತೆಂದು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಹೊಲಿಯಲು ಕುಳಿತಳು. ಹೊಸ ಕಾವಲುಗಾರ ಗಂಡನಷ್ಟೇ ಎತ್ತರ ಎಂದು ಗುಮಾಸ್ತ ಹೇಳಿದ್ದ, ಹಾಗಾಗಿ ಅಳತೆಗೆ ಕರೆಸಲಿಲ್ಲ. ಕೈ ತಾನಾಗಿ ಓಡಿತು.

ಹೊಸ ಕಾವಲುಗಾರ ಬಂದು ಕೋಟು ತೊಟ್ಟ. ಎಡಗಡೆ ಸೊಗಸಾಗಿ ಕುಳಿತಿತು. ಬಲಭುಜ ಮಾತ್ರ ಕಿವಿಯೊಡನೆ ಗುಟ್ಟು ಹೇಳಲು ಹೊರಟಂತೆ ಮೇಲೆದ್ದಿತ್ತು. ಗುಂಡಿಯಮ್ಮ ನಾಲಿಗೆ ಕಚ್ಚಿಕೊಂಡಳು. ಹೆಬ್ಬಾಗಿಲ ಅಗುಳಿ ಎಂದರೆ ಒಂದು ಮರದ ದಿಮ್ಮಿಯೇ. ಅದನ್ನು ಬಲಭುಜದ ಮೇಲೆ ಹೊತ್ತು ಹೊತ್ತು ಗಂಡನ ಭುಜ ಇಳಿದುಹೋಗಿತ್ತು. ಯಾರ ಕಣ್ಣಿಗೂ ಕಾಣದಿರಲೆಂದು ಅವಳು ಅಲ್ಲಿ ಹತ್ತಿ ತುಂಬಿ ಹೊಲಿಯುತ್ತಿದ್ದಳು. ಈಗಲೂ ತುಂಬಿಬಿಟ್ಟಿದ್ದಳು.

ಅವಳು ತಡವರಿಸುತ್ತಾ ವಿಷಯ ಹೇಳಿದಳು. ಆತ ಕನ್ನಡಿಯಲ್ಲಿ ನೋಡಿಕೊಂಡು ಮೆಲ್ಲಗೆ ನಕ್ಕ.

"ಬಿಚ್ಚಬೇಡಿ ಅಮ್ಮಾ, ಅವರ ಭುಜ ಹಾಗೇ ಇರ್ಲಿ. ಆ ಅಗುಳಿ ನಾನೂ ಹೊರೋನೇ ತಾನೆ? ನಾಲ್ಕು ವರ್ಷ ಹೋದ್ರೆ ನಂದೂ ಇಳಿಯುತ್ತೆ, ಕೋಟು ಸರಿಹೋಗುತ್ತೆ."

ಗುಂಡಿಯಮ್ಮನ ಕಣ್ಣು ತುಂಬಿತು. ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆತನ ನೆಟ್ಟಗಿದ್ದ ಭುಜ ನೋಡಿದಳು.

"ಆ ಭುಜ ನಿನಗೆ ಬೇಡಪ್ಪಾ. ದಿನಾ ಎಣ್ಣೆ ಹಚ್ಚಿ ತಿಕ್ಕಿದೋಳು ನಾನು, ಆ ನೋವು ನಂಗೊತ್ತು. ಅಗುಳೀನ ಒಂದಿನ ಬಲಕ್ಕೆ, ಒಂದಿನ ಎಡಕ್ಕೆ ಹೊತ್ಕೋ. ತೆಗಿ ಕೋಟು."

ಹೊಲಿಗೆ ಬಿಚ್ಚಿ ಹತ್ತಿಯನ್ನೆಲ್ಲ ತಾನೇ ಹೊರಗೆಳೆದಳು. ಆಮೇಲೆ ಟೇಪು ಹುಡುಕಿ ತಂದು ಆತನನ್ನು ಬೆಳಕಿಗೆ ನಿಲ್ಲಿಸಿ, ಅಳತೆ ತೆಗೆದುಕೊಂಡಳು.