ತಳ ಹತ್ತಿದ ಅನ್ನ

ಬರೆಯಲು ಕುಳಿತಾಗಲೆಲ್ಲ ಉತ್ತರಪತ್ರಿಕೆಯ ಮುಂದೆ ಕುಳಿತಂತಾಗುವುದು ನನ್ನ ಹಳೆಯ ಕಾಯಿಲೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಆ ಪದವಿಯನ್ನೂ ಪಡೆದದ್ದು ಕೊಲ್ಹಾಪುರದಲ್ಲಿ, ಮರಾಠಿಯ ಮೂಲಕ. ಕನ್ನಡವನ್ನು ಗಡಹಿಂಗ್ಲಜ ತಾಲೂಕಿನ ಮಹಾಗಾಂವದಲ್ಲಿ, ಅಜ್ಜನ ಮನೆಯಲ್ಲಿದ್ದುಕೊಂಡು, ನಾಲ್ಕೇ ವರ್ಷ ಕಲಿತೆ. ಆದ್ದರಿಂದ ಈ ಬರಹದಲ್ಲಿ ಎಲ್ಲಿಯಾದರೂ ಎಳೆ ತಪ್ಪಿದ್ದರೆ, ಗಂಟು ಉಳಿದಿದ್ದರೆ, ಓದುಗರು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು. ಇನ್ನೊಂದು ಅಪರಾಧವೂ ಇದೆ. ನಾನು ಬರೆಯಹೊರಟಿರುವುದು ಸ್ಪೇನ್ ದೇಶದ ಒಂದು ಕಡಲತೀರದ ಪಟ್ಟಣದ ಊಟದ ಬಗ್ಗೆ. ಎಂಟು ದಿನ ಇದ್ದು ಬಂದವಳು ಒಂದು ಊರಿನ ಊಟದ ಬಗ್ಗೆ ಬರೆಯುವುದು ಅಧಿಕಪ್ರಸಂಗವೆಂದು ನನಗೂ ಗೊತ್ತು. ಆ ಊರಿನ ಹೆಸರನ್ನಂತೂ ಬರೆಯುವುದಿಲ್ಲ. ಎಷ್ಟು ಸಲ ಉಚ್ಚರಿಸಿದರೂ ಅಲ್ಲಿಯವರು ನಯವಾಗಿ ತಿದ್ದುತ್ತಲೇ ಇದ್ದರು.

ಇಚಲಕರಂಜಿಯಲ್ಲಿ ನಮ್ಮದು ಹನ್ನೆರಡು ಯಂತ್ರಮಗ್ಗಗಳ ಸಣ್ಣ ಶೆಡ್ಡು. ಮಹಾಗಾಂವದ ಹೊಲವನ್ನು ತಮ್ಮ ಅಣ್ಣನಿಗೆ ಒಪ್ಪಿಸಿ ಬಂದು ಅಪ್ಪ ಕಟ್ಟಿದ್ದು. ಅಲ್ಲಿ ನೇಯ್ದ ದಪ್ಪ ಹತ್ತಿಬಟ್ಟೆಯನ್ನು ತರಿಸಿಕೊಂಡು, ಊಟದ ಮೇಜಿಗೆ ಹಾಸುವ ಬಟ್ಟೆಗಳನ್ನು ಹೊಲಿಸಿ ಮಾರುವ ಅಂಗಡಿಯೊಂದು ಸ್ಪೇನಿನ ಆ ಊರಿನಲ್ಲಿದೆ. ಅಂಗಡಿಯ ಒಡತಿಯ ಹೆಸರು ಅಂಪಾರೊ; ಅರವತ್ತು ದಾಟಿದ ಗಟ್ಟಿಗಿತ್ತಿ. ಅವರಿಗೂ ನನಗೂ ಹಲವು ವರ್ಷಗಳಿಂದ ಇಂಗ್ಲಿಷಿನಲ್ಲಿ ಪತ್ರವ್ಯವಹಾರ. ಇಬ್ಬರದೂ ಪುಸ್ತಕದಿಂದ ಕಲಿತ ಇಂಗ್ಲಿಷ್ ಆದುದರಿಂದ ಒಬ್ಬರ ಮಾತು ಒಬ್ಬರಿಗೆ ಬಲು ಚೆನ್ನಾಗಿ ತಿಳಿಯುತ್ತಿತ್ತು. "ಊರಿಗೆ ಊರೇ ನಿಮ್ಮ ಬಟ್ಟೆಯ ಮೇಲೆ ಉಣ್ಣುತ್ತದೆ. ಒಮ್ಮೆ ಬಂದು ನೋಡಿ, ತಂದೆತಾಯಿಯನ್ನೂ ಕರೆತನ್ನಿ" ಎಂದು ಅವರು ಬರೆದರು.

ಅಪ್ಪ ಕೂಡಲೇ ಒಪ್ಪಿದರು. ಅವ್ವನನ್ನು ಕರೆದೊಯ್ಯುವುದರ ಬಗ್ಗೆ ಮಾತ್ರ ನನಗೆ ಅಳುಕಿತ್ತು. ಆ ವರ್ಷವಿಡೀ ಅವ್ವನಿಗೆ ತಲೆಸುತ್ತು. ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ಕಾಗದವನ್ನು ಪಕ್ಕಕ್ಕಿಟ್ಟು, ಒಂದೇ ಪ್ರಶ್ನೆ ಕೇಳಿದ್ದರು: "ಹೊತ್ತಿಗಿ ಸರಿಯಾಗಿ ಊಟ ಮಾಡ್ತೀರಿಲ್ಲೋ, ಅವ್ವಾರ?"

"ಮಾಡ್ತೇನ್ರಿ ಸಾಹೇಬ್ರ. ಹೊಟ್ಟಿತುಂಬ ಮಾಡ್ತೇನಿ" ಎಂದಳು ಅವ್ವ.

ಅವರು ನನ್ನ ಮುಖ ನೋಡಿದರು. ಹೌದೆನ್ನಲೂ ಆಗಲಿಲ್ಲ, ಇಲ್ಲವೆನ್ನಲೂ ಆಗಲಿಲ್ಲ. ಅವ್ವ ಬಡಿಸುವುದನ್ನು ನಾನು ಸಾವಿರಾರು ಸಲ ನೋಡಿದ್ದೇನೆ; ಉಣ್ಣುವುದನ್ನು ನೋಡಿದ ನೆನಪೇ ಇಲ್ಲ. ನಮ್ಮಲ್ಲಿ ಬಿಸಿ ರೊಟ್ಟಿ ಒಲೆಯಿಂದ ನೇರ ತಾಟಿಗೆ ಬರಬೇಕು. ಅಪ್ಪನ ಪಂಕ್ತಿ, ಆಮೇಲೆ ತಮ್ಮಂದಿರಿಬ್ಬರದು, ಕಡೆಗೆ ನನ್ನದು. ಅದು ಮುಗಿಯುವ ಹೊತ್ತಿಗೆ ಎರಡೂವರೆ, ಮೂರು. ಆಮೇಲೆ ಅಡಿಗೆಮನೆಯಲ್ಲಿ ಅವ್ವ ಒಬ್ಬಳೇ ಏನು ಮಾಡುತ್ತಾಳೆಂಬುದು, ಪದವೀಧರೆಯಾದ ನನಗೆ, ಚಂದ್ರನ ಆಚೆಬದಿಯಷ್ಟೇ ಅಪರಿಚಿತ. ಈ ಎಂಟು ದಿನವಾದರೂ ಅವಳನ್ನು ನನ್ನ ಕಣ್ಣೆದುರಿಗೆ ಕೂರಿಸಿ ಉಣಿಸಬೇಕೆಂದು ನಿರ್ಧರಿಸಿದೆ. ಪ್ರವಾಸಕ್ಕೆ ನನ್ನ ಮಟ್ಟಿಗಿದ್ದ ಉದ್ದೇಶ ಅದೊಂದೇ.

ಮೊದಲ ಮೂರು ದಿನ ಸಂಪೂರ್ಣ ಸೋತೆ.

ಸಮುದ್ರದ ದಂಡೆಗುಂಟ ಊಟದ ಮನೆಗಳ ಸಾಲು. ಪ್ರತಿ ಮೇಜಿನ ಮೇಲೂ ನಮ್ಮ ಬಟ್ಟೆ. ಅಪ್ಪ ಮೊದಲನೆಯ ಊಟದ ಮನೆಯಲ್ಲೇ ಮೊಣಕಾಲೂರಿ ಮೇಜಿನ ಕೆಳಗೆ ಹೊಕ್ಕು, ಬಟ್ಟೆಯ ಅಂಚು ಸವರಿ, "ನಮ್ಮ ಏಳನೇ ಮಗ್ಗದ್ದು ಇದು! ಇಲ್ಲಿಗಿ ಬಂದು ಕುಂತೈತಿ ನೋಡು ಮಗಾ" ಎಂದು ಕೂಗಿದರು. ಊಟದ ಕೊನೆಗೆ, ಅನ್ನ ಚೆಲ್ಲಬಾರದೆಂಬ ನಮ್ಮ ಮನೆತನದ ನಿಷ್ಠೆಯಂತೆ, ತಾಟಿಗೆ ನೀರು ಹಾಕಿ ಬೆರಳಿನಿಂದ ತೊಳೆದು ಆ ನೀರನ್ನು ಕುಡಿದರು. ನಾನು ನಾಚಿಕೆಯಿಂದ ಸಮುದ್ರದ ಕಡೆಗೆ ತಿರುಗಿದೆ. ಮುಳ್ಳುಚಮಚ ಯಾವ ಕೈಯಲ್ಲಿ ಹಿಡಿಯಬೇಕೆಂದು ಎರಡು ವಾರ ಅಭ್ಯಾಸ ಮಾಡಿಕೊಂಡು ಹೋದವಳು ನಾನು! ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಡಿಗೆಯವನೇ ಎದ್ದು ಬಂದ. ಆ ತೊಳೆದ ತಾಟನ್ನು ನೋಡಿದ, ಎದೆಯ ಮೇಲೆ ಕೈಯಿಟ್ಟು ಅಪ್ಪನಿಗೆ ತಲೆಬಾಗಿದ, ತಾಟನ್ನು ಉಳಿದವರಿಗೆ ತೋರಿಸಲು ಒಳಗೆ ಒಯ್ದ. ಸರಿಯಾದ ನಡವಳಿಕೆ ಎಂಬುದರ ಬಗ್ಗೆ ನನಗಿದ್ದ ಪಾಂಡಿತ್ಯ ಅಂದು ಮೊದಲ ಸಲ ಅಲುಗಾಡಿತು.

ಆದರೆ ಅವ್ವ? ಅವ್ವ ಕುರ್ಚಿಯ ಮೇಲೆ ಕೂರಲೇ ಇಲ್ಲ. ಅಪ್ಪನ ಬೆನ್ನಹಿಂದೆ ನಿಂತು, ಬಡಿಸುವ ಹುಡುಗಿಯ ಕೈಯಿಂದ ಬಟ್ಟಲು ಇಸಿದುಕೊಂಡು ತಾನೇ ಬಡಿಸತೊಡಗಿದಳು. ಕೂರೆಂದರೆ, "ನೀವು ಉಣ್ರಿ. ನಂದು ಆಮ್ಯಾಲೆ" ಎನ್ನುವಳು. ಆಮೇಲೆ ಎಂದರೆ, ಕೋಣೆಗೆ ಹಿಂದಿರುಗಿದ ಮೇಲೆ, ನಮಗೆ ಬೆನ್ನು ತಿರುಗಿಸಿ ಕುಳಿತು, ಡಬ್ಬಿಯಿಂದ ಒಂದು ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಯ ಜೊತೆ. ನಾವು ನೇಯ್ದ ಅರಿವೆಯ ಮೇಲೆ ಎಣ್ಣೆ ಬಿದ್ದರೆ ಯಾರು ಒಗೆಯುವವರೆಂಬ ಚಿಂತೆ ಬೇರೆ. ಮೂರನೆಯ ದಿನ ಸಮುದ್ರದ ಮೆಟ್ಟಿಲುಗಳ ಮೇಲೆ ತಲೆಸುತ್ತಿ ಕುಳಿತುಬಿಟ್ಟಳು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ತಪ್ಪಿದ್ದರೆ ತಿಳಿದವರು ತಿದ್ದಬೇಕು. ಆ ಸೀಮೆಯವರಿಗೆ ಅನ್ನವೆಂದರೆ ಪ್ರಾಣ. ಊರಿನಾಚೆ ಭತ್ತದ ಗದ್ದೆಗಳಿವೆ, ನೀರು ನಿಂತ ಮಡಿಗಳನ್ನು ಕಂಡ ಅಪ್ಪ, ನಮ್ಮ ಕಡೆಯ ಭತ್ತದ ಸೀಮೆಯನ್ನು ನೆನೆದು, "ಥೇಟ್ ನಮ್ಮ ಚಂದಗಡ!" ಎಂದರು. ಅಕ್ಕಿ ಅಲ್ಲಿಗೆ ಹೋದದ್ದು ನಮ್ಮ ಪೂರ್ವ ದಿಕ್ಕಿನಿಂದ, ಅರಬರ ಕೈ ಹಿಡಿದುಕೊಂಡು. ಮೆಣಸಿನಕಾಯಿ ನಮಗೆ ಬಂದದ್ದು ಅವರ ದಿಕ್ಕಿನಿಂದ, ಪಡುವಣ ಕಡಲು ದಾಟಿದ ಹಡಗುಗಳಲ್ಲಿ. ಮೆಣಸಿನಕಾಯಿ ಇಲ್ಲದ ಕೊಲ್ಹಾಪುರವನ್ನು ಯಾರಾದರೂ ಊಹಿಸಬಲ್ಲರೆ? ಕೊಲ್ಹಾಪುರದವರೆಂದ ಕೂಡಲೇ ಕೆಂಪು ರಸ್ಸಾ, ಬಿಳಿ ರಸ್ಸಾ ಎಂದು ಮಾಂಸದ ಸಾರುಗಳನ್ನು ನೆನೆದು ಬಾಯಿ ಚಪ್ಪರಿಸುವವರಿಗೆ, ನಾವು ಮಾಂಸ ಮುಟ್ಟದ ಲಿಂಗಾಯತರೆಂದು ವಿವರಿಸುವುದರಲ್ಲೇ ನನ್ನ ಕಾಲೇಜು ದಿನಗಳು ಕಳೆದಿವೆ. ಆ ಖಾರ ಮಾತ್ರ ನಮ್ಮದೂ ಹೌದು. ಅವರಿಗೆ ಅಕ್ಕಿ ಕೊಟ್ಟ ದಿಕ್ಕಿನವರು, ಅವರ ದಿಕ್ಕಿನ ಖಾರವನ್ನು ಡಬ್ಬಿಯಲ್ಲಿ ತುಂಬಿಕೊಂಡು ಅವರ ಊರಿಗೇ ಹೋಗಿದ್ದೆವಲ್ಲ ಎಂದು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಭಾನುವಾರ ಅಂಪಾರೊ ತಮ್ಮ ತೋಟದ ಮನೆಗೆ ಊಟಕ್ಕೆ ಕರೆದರು. ಸುತ್ತ ಕಿತ್ತಳೆ ಗಿಡಗಳು, ಅವುಗಳಾಚೆ ಸಮುದ್ರ. ಅಂಗಳದಲ್ಲಿ ಕಿತ್ತಳೆ ಕಟ್ಟಿಗೆಯ ಬೆಂಕಿ. ಅದರ ಮೇಲೆ ಮದುವೆಮನೆಯ ಪರಾತದಷ್ಟು ಅಗಲವಾದ, ನಾಲ್ಕು ಬೆರಳು ಮಾತ್ರ ಆಳವಾದ, ಎರಡು ಹಿಡಿಕೆಯ ಬಾಣಲೆ. ನಾವು ಮಾಂಸ, ಮೀನು ಮುಟ್ಟದವರೆಂದು ತಿಳಿದು ಹೊಸದಾಗಿಯೇ ಕೊಂಡು ತಂದಿದ್ದರು. ಅವರೆಕಾಯಿಯಂಥ ಚಪ್ಪಟೆ ಕಾಯಿ, ದೊಡ್ಡ ಬಿಳಿ ಕಾಳು, ಟೊಮೆಟೊ, ಕೇಸರಿ, ಅಕ್ಕಿ. ಆ ಬಾಣಲೆಗೂ ಅದರಲ್ಲಿ ಬೇಯುವ ಅನ್ನಕ್ಕೂ ಪಾಎಯಾ ಎಂಬುದೇ ಹೆಸರು. ಬೇಯಿಸುತ್ತಿದ್ದವರು ಅಂಪಾರೊ ಅಲ್ಲ, ಅವರ ಗಂಡ ವಿಸೆಂತ್. ಭಾನುವಾರದ ಈ ಅಡಿಗೆ ಆ ಸೀಮೆಯಲ್ಲಿ ಹೆಚ್ಚಾಗಿ ಗಂಡಸರದಂತೆ.

ಅವ್ವ ನನ್ನ ಮೊಣಕೈ ತಿವಿದಳು. "ಅಯ್ಯ ಶಿವನ! ಗಂಡಸು ಹೊಗ್ಯಾಗ ನಿಂತು ಅಡಿಗಿ ಮಾಡಾಕತ್ತಾನ, ಹೇಣ್ತಿ ಕುಂತು ಉಪ್ಪಿನಕಾಯಿ ತಿನ್ನಾಕತ್ತಾಳಲ್ಲ!"

ಅಂಪಾರೊ ತಿನ್ನುತ್ತಿದ್ದುದು ಉಪ್ಪಿನಲ್ಲಿ ನೆನೆಸಿದ ಆಲಿವ್ ಕಾಯಿ. ಅಪ್ಪ ಗಂಭೀರವಾಗಿ ಹೇಳಿದರು: "ಏ, ಅತ್ತಾಗ ನೋಡಬ್ಯಾಡ ನೀ. ಸಮುದ್ರ ನೋಡು, ಎಷ್ಟ ಚೆಂದ ಐತಿ."

ಅವ್ವ ಸಮುದ್ರ ನೋಡಲಿಲ್ಲ. ಅವಳ ಕಣ್ಣು ಬಾಣಲೆಯಲ್ಲಿ ನೆಟ್ಟಿತ್ತು. ಅಕ್ಕಿ ಹಾಕಿದ ಮೇಲೆ ವಿಸೆಂತ್ ಅದನ್ನು ಒಮ್ಮೆಯೂ ಕೈಯಾಡಿಸಲಿಲ್ಲ. "ಹೇಳವ್ವಾ ಆ ಯಜಮಾನ್ರಿಗಿ. ಒಂದೀಟು ಕೈಯಾಡಸಂತ ಹೇಳು. ತಳಾ ಹತ್ತಾಕತ್ತೈತಿ, ವಾಸನಿ ಬರಾಕತ್ತೈತಿ" ಎಂದು ನನಗೆ ಹೇಳಿದಳು. ಅತಿಥಿಯಾದವರು ಅಡಿಗೆ ತಿದ್ದುವುದು ಅಸಭ್ಯವೆಂದು ನಾನು ಅನುವಾದಿಸಲಿಲ್ಲ. ಅಷ್ಟರಲ್ಲಿ ವಿಸೆಂತ್ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿ, ಬಾಣಲೆಗೆ ಕಿವಿಗೊಟ್ಟರು. ತಳದಲ್ಲಿ ಅನ್ನ ಚಟಪಟ ಎನ್ನುತ್ತಿತ್ತು. "ಅನ್ನ ಹೊತ್ತಿದ್ದನ್ನ ಕಿವಿಗೊಟ್ಟು ಕೇಳಾಕತ್ತಾನ. ಪಾಪ, ಇಂವಗ ಅಡಿಗಿ ಬರೂದಿಲ್ಲ" ಎಂದು ಅವ್ವ ಮರುಗಿದಳು.

ದುಂಡನೆಯ ಮೇಜಿನ ನಟ್ಟನಡುವೆ ಬಾಣಲೆಯನ್ನೇ ತಂದಿಟ್ಟರು. ಸುತ್ತ ಎಂಟು ಕುರ್ಚಿ: ಮಕ್ಕಳೂ ಸೇರಿ ಅವರ ಕಡೆಯ ಐವರು, ನಾವು ಮೂವರು. ಎಂಟು ಚಮಚಗಳನ್ನು ಬಿಟ್ಟರೆ ಮೇಜಿನ ಮೇಲೆ ಬೇರೇನೂ ಇಲ್ಲ.

"ತಾಟು ಎಲ್ಲಿ?" ಎಂದರು ಅಪ್ಪ.

ತಾಟಿಲ್ಲ. ಪ್ರತಿಯೊಬ್ಬರೂ ತಮ್ಮ ಎದುರಿನ ಅಂಚಿನಿಂದ ನಡುವಿನವರೆಗೆ ಒಂದು ತ್ರಿಕೋನ ಮಾಡಿಕೊಂಡು, ಅಷ್ಟನ್ನೇ ಉಣ್ಣಬೇಕು. ಪಕ್ಕದವರ ಪಾಲಿಗೆ ಚಮಚ ಹಾಕಬಾರದು. ಹಳೆಯ ಪದ್ಧತಿಯೆಂದು ಅಂಪಾರೊ ವಿವರಿಸಿದರು. ಎಂಜಲಿನ ಮಾತೆತ್ತಿ ಅಪ್ಪ ಏಳುತ್ತಾರೆಂದೇ ನಾನು ಅಂದುಕೊಂಡೆ. ಅವರು ಬಾಣಲೆಯನ್ನು ದಿಟ್ಟಿಸಿ, "ಹೊಲದ ಬದಾ ಇದ್ದಂಗ ಐತಲ್ಲ ಇದು! ಬದಾ ಒತ್ತೋ ನಮ್ಮ ಮಹಾಗಾಂವದ ಮಂದೀನ ಇಲ್ಲಿ ತಂದು ಉಣ್ಣಾಕ ಕುಂಡ್ರಸಬೇಕು" ಎಂದು ಚಮಚ ಹಿಡಿದರು.

ಅವ್ವ ಇನ್ನೂ ನಿಂತಿದ್ದಳು. ಬಡಿಸುವ ಸೌಟಿಗಾಗಿ ಅವಳ ಕೈ ಮೇಜಿನ ಮೇಲೆಲ್ಲ ತಡಕಾಡಿತು.

"ಬಡಸವ್ರು ಯಾರು?"

"ಯಾರೂ ಇಲ್ಲವ್ವಾ."

"ಹಂಗಾರ ನಾ ಏನು ಮಾಡ್ಲಿ?"

"ಉಣ್ಣು."

ವಿಸೆಂತ್ ಸನ್ನೆಯಿಂದ ಖಾಲಿ ಕುರ್ಚಿ ತೋರಿಸಿದರು. ಎಲ್ಲರೂ ಕೂರುವವರೆಗೆ ಯಾರೂ ಚಮಚ ಹಾಕುವಂತಿಲ್ಲ. ಏಳು ಜನ ತನ್ನೊಬ್ಬಳಿಗಾಗಿ ಹಸಿದು ಕುಳಿತಿರುವುದನ್ನು ಅವ್ವನಿಂದ ನೋಡಲಾಗಲಿಲ್ಲ. ಕುಳಿತಳು. ಅಪ್ಪನ ಪಕ್ಕದಲ್ಲಿ, ಅದೇ ಹೊತ್ತಿಗೆ, ಅದೇ ಪಾತ್ರೆಯಿಂದ.

ಅವ್ವ ಉಣ್ಣುವುದನ್ನು ಅಂದು ಮೊದಲ ಸಲ ನೋಡಿದೆ. ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಾಳೆ. ನಿಧಾನವಾಗಿ ಅಗಿಯುತ್ತಾಳೆ. ರುಚಿ ಹಿಡಿಸಿದರೆ ಎಡಹುಬ್ಬು ತುಸು ಏರುತ್ತದೆ. ನನಗೆ ಅಲ್ಲಿಯ ಸಮುದ್ರವೂ ಅಷ್ಟು ದೊಡ್ಡದೆನಿಸಲಿಲ್ಲ.

ಮೇಲಿನ ಅನ್ನ ಮುಗಿಯುತ್ತ ಬಂದಾಗ ತಳದ ಕಂದು ಪದರು ಕಾಣಿಸಿತು. ಅವ್ವ ಎಚ್ಚೆತ್ತಳು. ಮಾಡಿದವರಿಗೆ ಅವಮಾನವಾಗಬಾರದು, ಉಣ್ಣುವವರ ಬಾಯಿಗೆ ಹೊತ್ತಿದ್ದು ಸಿಗಬಾರದು. ಸರಸರನೆ ತನ್ನ ಪಾಲಿನದನ್ನು ಕೆರೆದಳು, ಅಪ್ಪನದನ್ನು ಕೆರೆದಳು, ನನ್ನದನ್ನು ಕೆರೆದಳು, ಕಡೆಗೆ ಕೈ ನೀಡಿ ಅಂಪಾರೊ ಅವರ ಪಾಲಿಗೂ ಚಮಚ ಹಾಕಿ, "ಅದು ಹೊತ್ತೈತ್ರಿ, ನೀವು ಬಿಡ್ರಿ, ಇತ್ತಾಗ ಕೊಡ್ರಿ" ಎಂದು ಎಲ್ಲವನ್ನೂ ತನ್ನ ಮುಂದೆ ರಾಶಿ ಮಾಡಿಕೊಂಡಳು.

ವಿಸೆಂತ್ ಅವರ ಚಮಚ ಗಾಳಿಯಲ್ಲೇ ನಿಂತಿತು. ಭೂಮಿ ಬಾಯಿ ಬಿಡಲೆಂದು ನಾನು ಬೇಡಿಕೊಂಡೆ. ಆಗ ಅಂಪಾರೊ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆ ಇಡೀ ಅಡಿಗೆ ಮಾಡುವುದೇ ಆ ತಳಕ್ಕಾಗಿಯಂತೆ! ಕೈಯಾಡಿಸದೆ, ಕಿವಿಗೊಟ್ಟು ಕೇಳಿ, ಬೇಕೆಂದೇ ಹತ್ತಿಸುವ ಆ ಪದರಿಗಾಗಿ ಅಣ್ಣತಮ್ಮಂದಿರು ಜಗಳಾಡುತ್ತಾರಂತೆ. "ನಿಮ್ಮ ಮನೆಯಲ್ಲಿ ಇದು ಯಾರ ಪಾಲು?" ಎಂದು ಅವರು ಕೇಳಿದರು.

ನಾನು ಕನ್ನಡದಲ್ಲಿ ಕೇಳಿದೆ. "ಮತ್ತ್ಯಾರು ತಿಂತಾರ? ನಾನ ತಿಂತೇನಿ" ಎಂದಳು ಅವ್ವ. ನಾನು ಅದನ್ನು ಪ್ರಾಮಾಣಿಕವಾಗಿ ಇಂಗ್ಲಿಷಿಗೆ ತಂದೆ. ಅಂಪಾರೊ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದ ಕೂಡಲೇ ಐವರೂ ಅವ್ವನತ್ತ ಗೌರವದಿಂದ ನೋಡಿದರು. "ಅವ್ವಾ, ನಮ್ಮ ಮನ್ಯಾಗ ನಿನಗ ಎಲ್ಲಾರಕಿಂತ ದೊಡ್ಡ ಮಾನ ಐತಿ ಅಂತಾರ ಇವರು" ಎಂದೆ. ಅವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಅಪ್ಪ ನಗಲಿಲ್ಲ. "ದಿನಾ ಇದನ್ನ ತಿಂತಿಯೇನು?" ಎಂದರು.

"ದಿನಾ ಎಲ್ಲಿ? ತಳಾ ಹತ್ತಿದ ದಿನ ಅಷ್ಟ."

"ಹತ್ತದ ದಿನ?"

"ಉಳಿದದ್ದು ತಿಂತೇನಿ."

"ಉಳೀದಿದ್ರ?"

ಅವ್ವ ಸೆರಗು ಸರಿಪಡಿಸಿಕೊಂಡಳು. "ಸಮುದ್ರ ನೋಡ್ರಿ" ಎಂದಳು, "ಎಷ್ಟ ಚೆಂದ ಐತಿ."

ಅಪ್ಪ ಸ್ವಲ್ಪ ಹೊತ್ತು ಸಮುದ್ರವನ್ನೇ ನೋಡಿದರು. ಆಮೇಲೆ, ಬದುವಿನ ಬಗ್ಗೆ ಅಷ್ಟೆಲ್ಲ ಹೇಳಿದ ಮನುಷ್ಯ, ಚಮಚವನ್ನು ಗಡಿ ದಾಟಿಸಿ ಅವ್ವನ ರಾಶಿಯಿಂದ ಒಂದು ಕಂದು ತುಂಡು ಎತ್ತಿಕೊಂಡರು. ತಮ್ಮ ಪಾಲಿನ ಮೆತ್ತಗಿನ ಹಳದಿ ಅನ್ನವನ್ನು ಅವಳ ಕಡೆಗೆ ತಳ್ಳಿದರು. "ಇಷ್ಟು ವರ್ಷ ಒಬ್ಬಾಕಿನ ತಿಂದಿ. ಈಗ ನನಗೂ ಕೊಡು." ಐವರು ಆತಿಥೇಯರೂ ನಿಯಮಭಂಗವನ್ನು ಕಾಣದವರಂತೆ ಸುಮ್ಮನಿದ್ದರು. ಸಭ್ಯತೆಯ ಪಾಠ ಅಂದರೆ ಅದು. ನಾನು ಓದಿಕೊಂಡು ಹೋದದ್ದರಲ್ಲಿ ಎಲ್ಲಿಯೂ ಇರಲಿಲ್ಲ.

ಊರಿಗೆ ಬಂದ ಮೇಲೆ ಆದದ್ದನ್ನು ಇದ್ದಂತೆ ಹೇಳಿ ಮುಗಿಸುತ್ತೇನೆ. ಈಗ ನಮ್ಮ ಮನೆಯಲ್ಲಿ ರೊಟ್ಟಿಗಳನ್ನು ಮೊದಲೇ ಬಡಿದು ಬುಟ್ಟಿಯಲ್ಲಿ ಅರಿವೆ ಮುಚ್ಚಿ ಇಡುತ್ತೇವೆ. ಮಧ್ಯಾಹ್ನ ಒಂದು ಗಂಟೆಗೆ ಐವರೂ ಒಟ್ಟಿಗೆ ಕೂರುತ್ತೇವೆ. ಪಾತ್ರೆಗಳು ನಡುವೆ ಇರುತ್ತವೆ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುತ್ತೇವೆ. ಆರಿದ ರೊಟ್ಟಿಯೆಂದು ಮೊದಲ ವಾರ ದೊಡ್ಡ ತಮ್ಮ ಗೊಣಗಿದ. "ಬಿಸಿ ಬೇಕಂದ್ರ ಏಳು, ಬಡಕೊಂಡು ತಿನ್ನು" ಎಂದರು ಅಪ್ಪ. ಅವನು ನಿಜಕ್ಕೂ ಎದ್ದ. ಅವನ ರೊಟ್ಟಿ ಇನ್ನೂ ದುಂಡಗಾಗಿಲ್ಲ. ತಳ ಹತ್ತಿದ ಅನ್ನವನ್ನು ಐದು ಪಾಲು ಮಾಡುತ್ತೇವೆ, ಅದಕ್ಕೆ ಜಗಳವೂ ಆಗುತ್ತದೆ. ಅವ್ವನ ತಲೆಸುತ್ತು ನಿಂತಿದೆ. ಡಾಕ್ಟರರು ಮೊನ್ನೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ ನನ್ನ ಮುಖ ನೋಡಿದರು. "ಹೌದ್ರಿ, ಮಾಡ್ತಾಳ" ಎಂದೆ, "ನಾ ದಿನಾ ನೋಡ್ತೇನಿ."