ಪೂಜೆಗಿಟ್ಟ ಬೆಲ್ಟು

ಸೇಫ್ಟಿ ಬೆಲ್ಟಿಗೆ ಕೈ ಮುಗಿಯುವ ಗಂಡಸರಲ್ಲಿ ನಾನು ಕಂಡದ್ದು ನನ್ನ ಯಜಮಾನರೊಬ್ಬರನ್ನೇ. ಶಿಡ್ಲಘಟ್ಟದ ಒಂದು ಕಟ್ಟಡದಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ಅವರು ಗೋಡೆಗೆ ಬೊಂಬು ಕಟ್ಟಿದ ಸಾರದ ಮೇಲೆ ನಿಂತು ಗಾರೆ ಕೆಲಸ ಮಾಡುತ್ತಿದ್ದರು, ನಾನು ಕಲಸಿದ ಸಿಮೆಂಟು ಹೊರುತ್ತಿದ್ದೆ. ಮೊದಲೆಲ್ಲ ಅವರೂ ಬೆಲ್ಟನ್ನು ಮೂಲೆಗೆಸೆದು ಹತ್ತುವವರೇ. ಒಂದು ದಿನ ತರಬೇತಿ ಕೊಡುವ ಮೇಡಂ ಸೈಟಿಗೆ ಬಂದು, ಮರಳಿನ ಮೂಟೆಗಳನ್ನು ಮೇಲಿಂದ ಬೀಳಿಸಿ ತೋರಿಸಿದರು. ಬೆಲ್ಟು ಕಟ್ಟಿದ್ದ ಮೂಟೆ ನಡುವೆಯೇ ನೇತಾಡಿತು. ಕಟ್ಟದೇ ಇದ್ದದ್ದು ನೆಲಕ್ಕೆ ಬಿದ್ದು ಒಡೆಯಿತು. ಇವರು ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಇವರದ್ದು ಅತಿಯಾಯಿತು. ಬೆಲ್ಟಿನ ಕೊಕ್ಕೆ ಸಿಕ್ಕಿಸದೆ ಯಾರಾದರೂ ಹತ್ತಿದರೆ ಕೆಳಗಿಳಿಯುವವರೆಗೂ ಬೈಗುಳ. ಜೊತೆಯವರು ‘ಬೆಲ್ಟ್ ಸ್ವಾಮಿ’ ಎಂದು ಹೆಸರಿಟ್ಟರು. ನಾನೂ ನಗುತ್ತಿದ್ದೆ. ಆದರೆ ಗಳಿಗೆಗೊಮ್ಮೆ ತಲೆಯೆತ್ತಿ ಗಂಡ ಅಲ್ಲೇ ಇದ್ದಾರಾ ಎಂದು ನೋಡುವ ಸಂಕಟ ನನಗೆ ತಪ್ಪಿತ್ತು.

ಆಯುಧ ಪೂಜೆ ಬಂತು. ಕರಣೆ, ರಸಮಟ್ಟ, ಬಾಂಡ್ಲಿಗಳನ್ನು ತೊಳೆದು ಸೈಟಿನಲ್ಲೇ ಸಾಲಾಗಿಟ್ಟೆವು. ಇವರು ತಮ್ಮ ಬೆಲ್ಟು, ಹೆಲ್ಮೆಟ್ಟುಗಳನ್ನು ನಟ್ಟನಡುವೆ ಇಟ್ಟು, ಕುಂಕುಮ ಹಚ್ಚಿ, ಚೆಂಡು ಹೂ ಹಾಕಿ ಅಡ್ಡಬಿದ್ದರು. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವುದಿಲ್ಲ, ಕೆಲಸಕ್ಕೂ ರಜೆ. ಎಲ್ಲರೂ ಕಡ್ಲೆಪುರಿ ತಿನ್ನುತ್ತ ಕೂತಿದ್ದಾಗ ಗಾಳಿ ಎದ್ದಿತು. ಮೂರನೇ ಮಹಡಿಯ ಸಾರಕ್ಕೆ ಕಟ್ಟಿದ್ದ ಹಸಿರು ಬಲೆ ಬಿಚ್ಚಿಕೊಂಡು ಕರೆಂಟಿನ ತಂತಿಯತ್ತ ಹಾರತೊಡಗಿತು. ಇವರು ಎದ್ದರು.

“ರೀ, ಬೆಲ್ಟ್ ಹಾಕ್ಕೊಂಡು ಹೋಗಿ,” ಎಂದೆ.

“ಪೂಜೆಗಿಟ್ಟಿರೋದನ್ನ ತೆಗೀತಾರೇನೇ?”

“ದೇವ್ರೇನೂ ಅಂದ್ಕೊಳಲ್ಲ, ತಗೊಳ್ಳಿ.”

“ಸುಮ್ನಿರೇ. ವರ್ಷವೆಲ್ಲ ನನ್ನ ಕಾಯುತ್ತೆ ಅದು. ಇವತ್ತೊಂದಿನ ಕೂತಿರ್ಲಿ ಬಿಡು.”

ಬಲೆ ಕಟ್ಟಿದರು. ಇಳಿಯುವಾಗ ಕಾಲು ಜಾರಿತು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ನೋಡಲು ಬಂದವರೆಲ್ಲ ಹಣೆಬರಹ ಎಂದರು. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೈಗೆ ಕಟ್ಟುವುದನ್ನೂ ತಲೆಗೆ ಹಾಕುವುದನ್ನೂ ಹೂವು ಮುಡಿಸಿ ನೆಲದ ಮೇಲೆ ಕೂರಿಸಿದವರು ನಾವು. ಅದನ್ನು ಬ್ರಹ್ಮ ಯಾರ ಹಣೆಯಲ್ಲೂ ಬರೆದಿರಲಿಲ್ಲ.

ಸಂಜೆ ಅವರಿಗೆ ಸ್ವಲ್ಪ ಎಚ್ಚರವಾಯಿತು. ತುಟಿ ಅಲುಗಿತು. ಮಕ್ಕಳನ್ನು ಕೇಳುತ್ತಾರೇನೋ ಎಂದು ಬಾಯಿಯ ಹತ್ತಿರ ಕಿವಿಯಿಟ್ಟೆ.

“ಗಲಾಟೇಲಿ ಯಾರಾದ್ರೂ ಪೂಜೆ ಕೆಡಿಸಿದ್ರೇನೇ?”

“ಇಲ್ಲಾರೀ. ಯಾರೂ ಮುಟ್ಟಿಲ್ಲ, ಇಟ್ಟ ಹಾಗೇ ಇದೆ.”

ಅವರಿಗೆ ಸಮಾಧಾನವಾಯಿತು. ಕಣ್ಣು ಮುಚ್ಚಿಕೊಂಡರು, ಮತ್ತೆ ತೆರೆಯಲಿಲ್ಲ.